ರೇಡಿಯೊಗೆ ಕಿವಿ ಬಂದ ಕಥೆ

ರೇಡಿಯೊ ಬಹುಕಾಲ ಬಾಯಿ ಮಾತ್ರ ಇದ್ದ ಯಂತ್ರವಾಗಿತ್ತು. ಅದು ಹೇಳುತ್ತಿತ್ತು, ಮನೆಮಂದಿ ಕೇಳುತ್ತಿದ್ದರು. ವಾರ್ತೆಯಾಗಲಿ, ನಾಟಕವಾಗಲಿ, ಚಿತ್ರಗೀತೆಯಾಗಲಿ, ಬಿತ್ತರವಾಗುವ ಹೊತ್ತಿಗೆ ಪೆಟ್ಟಿಗೆಯ ಮುಂದೆ ಇದ್ದವರಿಗೆ ಮಾತ್ರ ದಕ್ಕುತ್ತಿತ್ತು. ಹಾಲು ಉಕ್ಕಿತೆಂದು ನಡುವೆ ಎದ್ದು ಒಳಗೆ ಹೋದವರಿಗೆ ಹಾಡಿನ ಆ ಚರಣ ಹೋದಂತೆಯೇ. 1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ಊರುಗಳಿಗೆ ಬರತೊಡಗಿದ ‘ಟೂ-ಇನ್-ಒನ್’ ಎಂಬ ಪೆಟ್ಟಿಗೆ ಈ ಏಕಮುಖ ವ್ಯವಹಾರವನ್ನು ಮುರಿಯಿತು. ಅದರ ಮುಖದ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ತೂತುಗಳಿದ್ದವು. ಅವುಗಳ ಹಿಂದೆ ಮೈಕು. ರೇಡಿಯೊಗೆ ಕಿವಿ ಬಂದಿತ್ತು. ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿಯೂ ಬಂದಿತ್ತು.

ಆ ನೆನಪು ಇರುತ್ತಿದ್ದುದು ಕ್ಯಾಸೆಟ್ಟಿನಲ್ಲಿ, ಪತ್ರಿಕೆಗಳ ಭಾಷೆಯಲ್ಲಿ ಹೇಳುವುದಾದರೆ ಧ್ವನಿಸುರುಳಿಯಲ್ಲಿ. ಟೇಪಿನ ಮೇಲೆ ಧ್ವನಿ ಹಿಡಿಯುವ ವಿದ್ಯೆ 1930ರ ದಶಕದ ಜರ್ಮನಿಯಲ್ಲೇ ಬಳಕೆಗೆ ಬಂದಿತ್ತು. ಆದರೆ ಆ ಯಂತ್ರಗಳ ಸುರುಳಿ ತೆರೆದದ್ದು. ಟೇಪಿನ ತುದಿಯನ್ನು ಕೈಯಲ್ಲಿ ಹಿಡಿದು, ಹೆಡ್ಡಿನ ಮುಂದೆ ಹಾಯಿಸಿ, ಖಾಲಿ ಚಕ್ರಕ್ಕೆ ಸಿಕ್ಕಿಸಬೇಕಿತ್ತು. ರೇಡಿಯೊ ಕೇಂದ್ರದ ಸ್ಟುಡಿಯೊಗೆ ಅದು ಸರಿ, ಮನೆಗೆ ಅಲ್ಲ. ಫಿಲಿಪ್ಸ್ ಕಂಪೆನಿಯ ಬೆಲ್ಜಿಯಂ ಶಾಖೆಯಲ್ಲಿ, ಹ್ಯಾಸೆಲ್ಟ್ ಎಂಬ ಪಟ್ಟಣದಲ್ಲಿ, ಲೂ ಒಟ್ಟೆನ್ಸ್ ಎಂಬ ಡಚ್ ಎಂಜಿನಿಯರ್ ಈ ಕಿರಿಕಿರಿಯನ್ನು ನೀಗಲು ಹೊರಟರು. ಯಂತ್ರ ಎಷ್ಟು ದೊಡ್ಡದಿರಬೇಕೆಂದು ತಿಳಿಯಲು ಅವರು ಮೊದಲು ಮಾಡಿದ್ದು ತಮ್ಮ ಕೋಟಿನ ಜೇಬಿಗೆ ಹೊಂದುವ ಒಂದು ಮರದ ತುಂಡನ್ನು. (ಆ ಐತಿಹಾಸಿಕ ತುಂಡು ಮುಂದೆ ಕಾರಿನ ಟಯರು ಬದಲಿಸುವಾಗ ಜಾಕಿನ ಅಡಿಗೆ ಹೋಗಿ ಕಳೆದುಹೋಯಿತಂತೆ!) 1963ರ ಆಗಸ್ಟ್ ಕೊನೆಯಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಕ್ಯಾಸೆಟ್ಟು ಮೊದಲ ಸಲ ಜನರ ಮುಂದೆ ಬಂತು. ಅದರೊಳಗಿನ ಟೇಪಿನ ಅಗಲ 3.81 ಮಿಲಿಮೀಟರ್, ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಬದಿಗೆ ಅರ್ಧ ಗಂಟೆಯಂತೆ ನುಡಿಯುವ ‘ಸಿ-60’ರಲ್ಲಿ ಹೀಗೆ ಸುಮಾರು 86 ಮೀಟರ್ ಟೇಪು ಅಂಗೈಯಗಲದ ಡಬ್ಬಿಯೊಳಗೆ ಅಡಗಿರುತ್ತದೆ.

ಸೋನಿ ಕಂಪೆನಿಯ ಒತ್ತಾಯಕ್ಕೆ ಮಣಿದು ಫಿಲಿಪ್ಸ್ ಈ ವಿನ್ಯಾಸವನ್ನು ಯಾವ ಶುಲ್ಕವೂ ಇಲ್ಲದೆ ಇತರರಿಗೆ ಬಿಟ್ಟುಕೊಟ್ಟಿತು. ಅಷ್ಟೇ ಸಾಕಾಯಿತು. ಯಾರೇ ಮಾಡಿದ ಕ್ಯಾಸೆಟ್ಟು ಯಾರದೇ ಯಂತ್ರದಲ್ಲಿ ಓಡುವಂತಾಯಿತು. 1966ರಲ್ಲಿ ಫಿಲಿಪ್ಸ್ ಕಂಪೆನಿಯೇ ರೇಡಿಯೊ ಮತ್ತು ಕ್ಯಾಸೆಟ್ ರೆಕಾರ್ಡರನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿತು. ಅದನ್ನು ಹಗುರ ಮಾಡಿ, ಅಗ್ಗ ಮಾಡಿ, ಲೋಕದ ತುಂಬ ಹಂಚಿದವರು ಜಪಾನಿಗಳು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ರೂಪುಗೊಂಡಿದ್ದ, ಗುಂಡಿಯಷ್ಟೇ ಗಾತ್ರದ ಹೊಸ ಬಗೆಯ ಮೈಕು ಅವರ ನೆರವಿಗೆ ಬಂತು. ಅದುವರೆಗೆ ತಂತಿಯ ತುದಿಯಲ್ಲಿ ಜೋತಾಡುತ್ತಿದ್ದ ಮೈಕು ಪೆಟ್ಟಿಗೆಯ ಒಳಗೇ ಸೇರಿತು.

ರೇಡಿಯೊದ ಹಾಡನ್ನು ಈಗ ನೇರವಾಗಿ ಟೇಪಿಗೆ ಇಳಿಸಬಹುದಿತ್ತು. ಆದರೆ ಒಂದು ತೊಡಕು. ಧ್ವನಿಮುದ್ರಣ ಚೊಕ್ಕಟವಾಗಿರಬೇಕೆಂದರೆ ಯಂತ್ರ ಒಳಗೊಳಗೇ ಮನುಷ್ಯನ ಕಿವಿಗೆ ಕೇಳಿಸದಷ್ಟು ತಾರಕದ ಒಂದು ಕಂಪನವನ್ನು ಹುಟ್ಟಿಸಿ ಟೇಪಿಗೆ ಬೆರೆಸಬೇಕು. ಈ ಕಂಪನ ಪಕ್ಕದಲ್ಲೇ ಇದ್ದ ರೇಡಿಯೊದೊಂದಿಗೆ ಜಗಳ ತೆಗೆದು, ಮೀಡಿಯಂ ವೇವ್ ಕೇಂದ್ರಗಳ ಮೇಲೆ ಕುಂಯ್ ಎಂಬ ಸಿಳ್ಳೆ ಹಾಕುತ್ತಿತ್ತು. ಕಂಪನವನ್ನು ಚೂರು ಆಚೀಚೆ ಸರಿಸಿ ಸಿಳ್ಳೆ ತಪ್ಪಿಸಲೆಂದೇ ಅನೇಕ ಪೆಟ್ಟಿಗೆಗಳ ಬೆನ್ನಿನಲ್ಲಿ ‘ಬೀಟ್’ ಎಂದು ಬರೆದ ಪುಟ್ಟ ಸ್ವಿಚ್ಚೊಂದು ಇರುತ್ತಿತ್ತು. ಅದು ಯಾತಕ್ಕೆಂದು ಬಹಳ ಮನೆಗಳಲ್ಲಿ ಕೊನೆಯವರೆಗೂ ಗೊತ್ತಾಗಲೇ ಇಲ್ಲ!

ಕರ್ನಾಟಕಕ್ಕೆ ಈ ಪೆಟ್ಟಿಗೆ ಬಂದ ದಾರಿಗಳಲ್ಲಿ ಮುಖ್ಯವಾದದ್ದು ಅರಬ್ಬೀ ಸಮುದ್ರದ್ದು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳಲ್ಲಿ ಕೆಲಸಕ್ಕೆ ಜನ ಬೇಕಾಯಿತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಯುವಕರು ಮಸ್ಕತ್ತಿಗೆ, ದುಬೈಗೆ, ಕುವೈತಿಗೆ ಹೋದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಮುಂಬಯಿಗೆ ಬಂದಿಳಿದು, ಕಸ್ಟಮ್ಸಿನವರೊಡನೆ ಚೌಕಾಸಿ ಮುಗಿಸಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ವಸ್ತು ಟೂ-ಇನ್-ಒನ್. ನ್ಯಾಷನಲ್ ಪ್ಯಾನಾಸೋನಿಕ್, ಸಾನ್ಯೊ, ಶಾರ್ಪ್ ಎಂಬ ಹೆಸರುಗಳು ಹಳ್ಳಿಯ ಮಕ್ಕಳಿಗೂ ಬಾಯಿಪಾಠವಾದವು. ನೆರೆಯ ಕೇರಳದಲ್ಲೂ ಇದೇ ಕಥೆ.

ಹೋದವನು ವಾಪಸು ಹೋಗುವಾಗ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ. ಅಲ್ಲಿ ಅವನ ಬಳಿ ಇನ್ನೊಂದು. ನಡುವೆ ಕ್ಯಾಸೆಟ್ಟುಗಳು ಓಡಾಡತೊಡಗಿದವು. ನನ್ನ ದೃಷ್ಟಿಯಲ್ಲಿ ಈ ಯಂತ್ರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯ ಮತ್ತೊಂದಿಲ್ಲ. ಆವರೆಗೆ ಓದು ಬಾರದ ತಾಯಿಗೆ ಮಗನ ಕಾಗದವನ್ನು ಯಾರಾದರೂ ಓದಿ ಹೇಳಬೇಕಿತ್ತು. ಉತ್ತರವನ್ನೂ ಇನ್ನೊಬ್ಬರ ಕೈಯಲ್ಲೇ ಬರೆಸಬೇಕಿತ್ತು. ಅನ್ಯರ ಮುಂದೆ ಏನು ಹೇಳಿಕೊಳ್ಳಲಾದೀತು? ಮನೆಯಲ್ಲಿ ತುಳುವೋ ಬ್ಯಾರಿಯೋ ಆಡುವವರಿಗೆ ಕಾಗದದ ಭಾಷೆಯೂ ಬೇರೆಯೇ ಆಗಿರುತ್ತಿತ್ತು. ಕ್ಯಾಸೆಟ್ಟು ಮನೆಮಾತನ್ನು ಮನೆಮಾತಿನಲ್ಲೇ ಒಯ್ದಿತು. ಬಾಗಿಲು ಹಾಕಿಕೊಂಡು ಹೆಂಡತಿ ಗಂಡನೊಡನೆ ಅರ್ಧ ಗಂಟೆ ಮಾತಾಡಬಹುದಿತ್ತು. ಹೆಚ್ಚಿನವರು ಇವನ್ನು ಅಂಚೆಗೆ ಹಾಕದೆ, ಊರಿನಿಂದ ಹೊರಟ ನಂಬಿಕಸ್ಥರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಕಳಿಸುತ್ತಿದ್ದರು.

ಇನ್ನೊಂದು ಸಂಗತಿ. ರೇಡಿಯೊ ಪ್ರಸಾರ ಆಗ ಸರ್ಕಾರದ್ದೇ. ಪೆಟ್ಟಿಗೆ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಮಾಡಿಸುವ ಪದ್ಧತಿ 1980ರ ದಶಕದಲ್ಲಷ್ಟೇ ನಿಂತಿತು. ಗ್ರಾಮಫೋನ್ ತಟ್ಟೆಗಳ ಮಾರುಕಟ್ಟೆ ಬಹುಮಟ್ಟಿಗೆ ಒಂದೇ ಕಂಪೆನಿಯ ಹಿಡಿತದಲ್ಲಿತ್ತು. ಕ್ಯಾಸೆಟ್ಟಿಗೆ ಇವರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಣ್ಣ ಊರಿನ ಸಣ್ಣ ಅಂಗಡಿಯವನೂ ಹರಿಕಥೆ, ಭಜನೆ, ತತ್ವಪದಗಳನ್ನು ಮುದ್ರಿಸಿ ಮಾರಬಲ್ಲವನಾದ. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಹೆಸರಾದ, ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಹೊರಬಂದದ್ದು 1978ರಲ್ಲಿ. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಉತ್ತರ ಭಾರತದಲ್ಲಿ ನಡೆದ ಇಂಥದೇ ಪಲ್ಲಟವನ್ನು ಪೀಟರ್ ಮ್ಯಾನುಯೆಲ್ ಎಂಬ ಅಮೆರಿಕದ ವಿದ್ವಾಂಸರು 1993ರಲ್ಲಿ ಒಂದು ಪುಸ್ತಕವಾಗಿಯೇ ಬರೆದರು. ಕಳ್ಳ ಕ್ಯಾಸೆಟ್ಟುಗಳೂ ರಾಶಿ ಬಿದ್ದವೆಂಬುದನ್ನು ಮರೆಯಬೇಕಾಗಿಲ್ಲ.

ಕರಾವಳಿಯಲ್ಲಿ ಯಕ್ಷಗಾನ ಬಯಲಾಟಕ್ಕೆ ಟೂ-ಇನ್-ಒನ್ ಹೊತ್ತುಕೊಂಡು ಹೋಗುವ ಅಭಿಮಾನಿಗಳ ಒಂದು ವರ್ಗವೇ ಹುಟ್ಟಿತು. ರಂಗಸ್ಥಳದ ಬದಿಯಲ್ಲಿ ಪೆಟ್ಟಿಗೆ ಇಟ್ಟು, ಬೆಳಗಿನವರೆಗೆ ಅರ್ಧ ಗಂಟೆಗೊಮ್ಮೆ ಎದ್ದು ಕ್ಯಾಸೆಟ್ಟು ಮಗುಚುವುದು ಅವರ ವ್ರತ. ಅಂಥ ಮುದ್ರಣಗಳನ್ನು ಕೇಳಿದವರಿಗೆ ಒಂದು ವಿಚಿತ್ರ ಗಮನಕ್ಕೆ ಬಂದಿರಬಹುದು. ಚೆಂಡೆಯ ಪೆಟ್ಟು ಬಿದ್ದೊಡನೆ ಭಾಗವತರ ದನಿ ಬಾವಿಗೆ ಬಿದ್ದಂತೆ ಇಳಿದು, ಮೆಲ್ಲಗೆ ಮೇಲೆ ಬರುತ್ತದೆ. ಎಲ್ಲ ಮೌನವಾದಾಗ ಪಕ್ಕದವನ ಕೆಮ್ಮು, ದೂರದ ನಾಯಿಯ ಬೊಗಳಿಕೆ ಗಟ್ಟಿಯಾಗುತ್ತವೆ. ಭಾಗವತರ ತಪ್ಪಲ್ಲ. ದನಿ ಜೋರಾದರೆ ತಗ್ಗಿಸುವ, ಕ್ಷೀಣವಾದರೆ ಏರಿಸುವ ಕೆಲಸವನ್ನು ಯಂತ್ರ ತಾನೇ ಮಾಡುತ್ತಿತ್ತು. ಹಾಗಾಗಿ ಆ ಟೇಪುಗಳಲ್ಲಿ ಆಟದ ಜೊತೆಗೆ ಆ ರಾತ್ರಿಯೂ ಉಳಿದಿದೆ.

ಈ ನೆನಪಿನ ಪೆಟ್ಟಿಗೆ ಸೂಕ್ಷ್ಮದ್ದು. ಅದನ್ನು ಸಾಕುವ ವಿದ್ಯೆ ಮನೆಮನೆಯಲ್ಲಿ ತಾನಾಗಿ ಬೆಳೆಯಿತು. ಟೇಪಿನ ಮೇಲಿರುವುದು ಕಬ್ಬಿಣದ ಆಕ್ಸೈಡಿನ ಪುಡಿ, ತುಕ್ಕಿನ ಸಂಬಂಧಿ. ಓಡುತ್ತ ಓಡುತ್ತ ಅದು ಹೆಡ್ಡಿನ ಮೇಲೆ ಕಂದು ಕಿಟ್ಟವಾಗಿ ಕೂರುತ್ತದೆ. ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಸರಿಹೋಗುತ್ತದೆ. ಬ್ಲೇಡಿನಿಂದ ಕೆರೆದವರು ಹೆಡ್ಡನ್ನೇ ಕಳೆದುಕೊಂಡರು.

ಟೂ-ಇನ್-ಒನ್ ಇದ್ದ ಮನೆಯವರೆಲ್ಲ ಅನುಭವಿಸಿದ ಸಂಕಟವೆಂದರೆ ರೀಲು ಸಿಕ್ಕಿಕೊಳ್ಳುವುದು. ಟೇಪನ್ನು ಮುಂದಕ್ಕೆ ಎಳೆಯುವುದು ಒಂದು ಸಣ್ಣ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡ ರಬ್ಬರಿನ ಗಾಲಿ. ಬಂದ ಟೇಪನ್ನು ಸುತ್ತಿಕೊಳ್ಳುವುದು ಬೇರೆಯೇ ಚಕ್ರ. ಬೆಲ್ಟು ಸಡಿಲವಾಗಿ ಚಕ್ರ ಸೋತರೂ ಕಡ್ಡಿ ತನ್ನ ಪಾಡಿಗೆ ಟೇಪನ್ನು ದೂಡುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ಟೇಪು ಗಾಲಿಗೇ ಸುತ್ತಿಕೊಳ್ಳುತ್ತದೆ. ಹಾಡುವ ಹೊತ್ತಿಗೇ ಕರೆಂಟು ಹೋದರೆ ಒತ್ತಿದ ಗುಂಡಿಯನ್ನು ಎತ್ತಬೇಕೆಂದು ಹಿರಿಯರು ಗದರುತ್ತಿದ್ದುದರಲ್ಲೂ ಅರ್ಥವಿತ್ತು. ಗಂಟೆಗಟ್ಟಲೆ ಕಡ್ಡಿಗೆ ಒತ್ತಿಕೊಂಡೇ ಉಳಿದ ರಬ್ಬರಿನ ಗಾಲಿಯಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಎಲ್ಲ ಹಾಡುಗಳೂ ತೇಲುತ್ತ ಮುಳುಗುತ್ತ ಬರುತ್ತವೆ.

ಸೆಲ್ಲು ದುಬಾರಿ. ಅದನ್ನು ಉಳಿಸಲು ಆರು ಮೂಲೆಯ ಪೆನ್ಸಿಲನ್ನು ಕ್ಯಾಸೆಟ್ಟಿನ ಹಲ್ಲಿಗೆ ತೂರಿಸಿ ಗಿರಗಿರನೆ ತಿರುಗಿಸುತ್ತಿದ್ದರು. ಸೋತ ಸೆಲ್ಲಿನಲ್ಲಿ ಮುದ್ರಿಸಿದ್ದನ್ನು ಹೊಸ ಸೆಲ್ಲಿನಲ್ಲಿ ಕೇಳಿದರೆ ಗಂಡಸರೂ ಹುಡುಗಿಯರಂತೆ ಕೀಚಲಾಗುವುದು ಮಕ್ಕಳಿಗೆ ತಮಾಷೆ. ಬಳಸದೆ ಇಡುವಾಗ ಸೆಲ್ಲು ತೆಗೆದಿಡಬೇಕೆಂಬುದು ಮಾತ್ರ ತಮಾಷೆಯಲ್ಲ. ಸೆಲ್ಲಿನ ಸತುವಿನ ಕವಚವೇ ಅದರ ಉರುವಲು ಕೂಡ. ಅದು ಸವೆದು ತೂತಾದಾಗ ಒಳಗಿನ ರಸ ಸೋರಿ ಪೆಟ್ಟಿಗೆಯ ತಾಮ್ರವನ್ನು ಹಸಿರುಗಟ್ಟಿಸಿ ತಿನ್ನುತ್ತದೆ. ಸತ್ತ ಟೂ-ಇನ್-ಒನ್‌ಗಳಲ್ಲಿ ಅನೇಕವು ಸತ್ತದ್ದು ಹೀಗೆ.

ಈಗ ಅಟ್ಟದಿಂದ ಅವನ್ನು ಇಳಿಸುವವರು ಇದ್ದಾರೆ, ಹಾಡಿಗಾಗಿ ಅಲ್ಲ, ತೀರಿಕೊಂಡವರ ದನಿಗಾಗಿ. ಇಂಥವರು ಅವಸರಪಡಬಾರದು. ಹಳೆಯ ಬೆಲ್ಟುಗಳು ಎಷ್ಟೋ ಸಲ ಡಾಂಬರಿನಂತೆ ಕರಗಿರುತ್ತವೆ, ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಮೆತ್ತೆ ಉದುರಿರುತ್ತದೆ, ಮಳೆನಾಡಿನಲ್ಲಾದರೆ ಟೇಪಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಓಡಿಸದೆ ಬಲ್ಲವರ ಕೈಗೆ ಕೊಡಬೇಕು. ಉಳಿದವಕ್ಕೂ ಮೊದಲು ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ಯಂತ್ರವನ್ನು ಪರೀಕ್ಷಿಸಬೇಕು. ಬೇಕಾದದ್ದನ್ನು ಕೈಯಿಂದ ಮೆಲ್ಲಗೆ ಒಮ್ಮೆ ಪೂರ್ತಿ ಸುತ್ತಿ, ಬಳಿಕ ನುಡಿಸಬೇಕು. ಇಯರ್‌ಫೋನಿನ ತೂತಿನಿಂದ ತಂತಿ ಎಳೆದು ಆಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಎರಡನೆಯ ಸಲ ಅದು ಓಡೀತೆಂಬ ಭರವಸೆ ಇಲ್ಲ.

ಅದಕ್ಕೂ ಮೊದಲು ಆ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮುರಿಯಬೇಕು. ಕ್ಯಾಸೆಟ್ಟಿನ ಟೇಪು ಕಾಣುವ ಅಂಚು ಕೆಳಗಿರುವಂತೆ ಹಿಡಿದರೆ ಮೇಲಂಚಿನ ಎಡ ಮೂಲೆಯಲ್ಲಿರುವ ತುಂಡು ನಮ್ಮ ಎದುರಿಗಿರುವ ಬದಿಯ ಕಾವಲುಗಾರ. ಅದನ್ನು ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ, ಇದ್ದದ್ದು ಅಳಿಯುವುದಿಲ್ಲ. ಆದರೆ ಆ ತೂತಿನ ಮೇಲೆ ಗಮ್‌ಟೇಪು ಅಂಟಿಸಿದರೆ ಕಾವಲು ಮತ್ತೆ ಸಡಿಲ. ನಮ್ಮ ಮನೆಯಲ್ಲಿ ಅಜ್ಜಿ ಹೇಳಿದ ಹಸೆ ಹಾಡುಗಳ ಒಂದು ಕ್ಯಾಸೆಟ್ಟಿತ್ತು. ಒಂದು ಬೇಸಿಗೆ ರಜೆಯಲ್ಲಿ, ಖಾಲಿ ಕ್ಯಾಸೆಟ್ಟು ಸಿಗಲಿಲ್ಲವೆಂದು ಯಾರೋ ಅದರ ತೂತು ಮುಚ್ಚಿ ರೇಡಿಯೊದಿಂದ ಚಿತ್ರಗೀತೆಗಳನ್ನು ತುಂಬಿಸಿದರು. ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ನಾನೇ ಇದ್ದರೂ ಇರಬಹುದು. ಕೊನೆಯ ಗೀತೆ ಬದಿ ಮುಗಿಯುವ ಮೊದಲೇ ನಿಂತಿದೆ. ಟಕ್ಕೆಂದು ಗುಂಡಿ ಎದ್ದ ಸದ್ದು, ಒಂದಿಷ್ಟು ಕೊರಕೊರ, ಆಮೇಲೆ ಅರ್ಧ ಸಾಲಿನಿಂದ ಅಜ್ಜಿ. ಹಾಡು ಮುಗಿಸಿ, “ಸಾಕೇನೋ, ಬಂತಾ ಅದರೊಳಗೆ?” ಎಂದು ಕೇಳುತ್ತಾಳೆ. ಅಲ್ಲಿಗೆ ಟೇಪು ಮುಗಿಯುತ್ತದೆ.