ರದ್ದಿಯೂ ಪುಸ್ತಕವೂ

ಹಳೆಯ ಪುಸ್ತಕದ ವ್ಯಾಪಾರಕ್ಕೂ ಇತಿಹಾಸಕ್ಕೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ಕೂಡ ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡವನಲ್ಲ. ನಿವೃತ್ತನಾದ ಮೇಲೆ ಸಕಲೇಶಪುರದ ಪೇಟೆಯಲ್ಲಿ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ಹಳೆಯ ಪುಸ್ತಕಗಳನ್ನಿಟ್ಟುಕೊಂಡು ಕುಳಿತೆ. ‘ಮೇಷ್ಟ್ರು ಕೊನೆಗಾಲದಲ್ಲಿ ರದ್ದಿ ವ್ಯಾಪಾರಕ್ಕೆ ಇಳಿದರಂತೆ’ ಎಂದು ಆಲೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಕ್ಕನಂತೆ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಆದರೆ ಅರ್ಥವಿತ್ತು. ರದ್ದಿ ಯಾವುದು, ಪುಸ್ತಕ ಯಾವುದು ಎಂಬುದನ್ನು ನಿರ್ಣಯಿಸುವುದೇ ಈ ವ್ಯಾಪಾರದ ದಿನನಿತ್ಯದ ಕೆಲಸ. ಆ ನಿರ್ಣಯದಲ್ಲಿ ನಾನೊಮ್ಮೆ ಸೋತ ಕಥೆಯನ್ನೇ ಇಂದು ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು, ಈ ಬೆಟ್ಟಗಳಿಗೆ ಪುಸ್ತಕ ಹೇಗೆ ಬಂದಿತು ಎಂಬುದನ್ನು ನೋಡಬೇಕು. 1792ರಲ್ಲಿ ಟಿಪ್ಪು ಸುಲ್ತಾನ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದ ಮಂಜರಾಬಾದ್ ಸೀಮೆ ಇದು. ಕರಾವಳಿಯಿಂದ ಘಟ್ಟ ಹತ್ತುವ ದಾರಿಯನ್ನು ಕಾಯುವುದು ಆ ಕೋಟೆಯ ಕೆಲಸವಾಗಿತ್ತು. ಅರ್ಧ ಶತಮಾನ ಕಳೆಯಿತು. 1843ರ ಜುಲೈ ತಿಂಗಳಿನಲ್ಲಿ ಘಟ್ಟದ ಕೆಳಗೆ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದೇ 1843ರಲ್ಲಿ ಘಟ್ಟದ ಮೇಲೆ, ಗ್ರೀನ್ ಎಂಬ ಆಂಗ್ಲ ತೋಟಗಾರ ಮಂಜರಾಬಾದಿನ ಕಾಡಿನಲ್ಲಿ ಕಾಫಿಯ ಬೇಸಾಯವನ್ನು ಆರಂಭಿಸಿದ. ಕೆಳಗೆ ಅಚ್ಚಿನ ಮಸಿ, ಮೇಲೆ ಕಾಫಿಯ ಗಿಡ. ಎರಡೂ ಒಂದೇ ವರ್ಷದವು. ಇದು ಬರಿಯ ಕಾಕತಾಳೀಯವಿರಬಹುದು. ಆದರೆ ಮುಂದೆ ಇವೆರಡೂ ಒಂದೇ ದಾರಿಯಲ್ಲಿ ಸಂಧಿಸಿದವು: ಕಾಫಿ ಗಾಡಿಗಳಲ್ಲಿ ಘಟ್ಟವಿಳಿಯಿತು, ಕಾಗದ ಘಟ್ಟ ಹತ್ತಿತು.

1850ರ ದಶಕದಲ್ಲಿ ಬಂದ ರಾಬರ್ಟ್ ಎಚ್. ಎಲಿಯಟ್ ಎಂಬ ತೋಟಗಾರ ಈ ಸೀಮೆಯ ಬದುಕನ್ನು ಕುರಿತು 1871ರಲ್ಲಿ ‘ಎಕ್ಸ್‌ಪೀರಿಯನ್ಸಸ್ ಆಫ್ ಎ ಪ್ಲಾಂಟರ್ ಇನ್ ದಿ ಜಂಗಲ್ಸ್ ಆಫ್ ಮೈಸೂರ್’ ಎಂಬ ಗ್ರಂಥವನ್ನೂ 1894ರಲ್ಲಿ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ ಇನ್ನೊಂದನ್ನೂ ಬರೆದು ಪ್ರಕಟಿಸಿದ. ಆ 1894ನೆಯ ಇಸವಿಯಲ್ಲಿಯೇ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟ, ಎಂದರೆ ಹಾಸನ ಜಿಲ್ಲೆಯ ಶಾಸನಗಳ ಸಂಪುಟ, 1902ರಲ್ಲಿ ಹೊರಬಂದಿತು. ದೊರೆಗಳ ಬಂಗಲೆಗಳಲ್ಲಿ ಇಂಗ್ಲಿಷ್ ಕಾದಂಬರಿಗಳು, ಬೇಟೆಯ ಪುಸ್ತಕಗಳು, ಗೊಬ್ಬರ ರೋಗಗಳ ಕೈಪಿಡಿಗಳು ಸೇರಿದವು. ಸ್ವಾತಂತ್ರ್ಯಾನಂತರ ದೊರೆಗಳು ಒಬ್ಬೊಬ್ಬರಾಗಿ ತೋಟಗಳನ್ನು ಮಾರಿ ಹೊರಟರು. ಹಡಗಿನಲ್ಲಿ ಒಯ್ಯಲಾಗದ್ದನ್ನು ಬಿಟ್ಟುಹೋದರು. ಹೀಗೆ ಬಿಟ್ಟುಹೋದವುಗಳಲ್ಲಿ ಪಿಯಾನೋ ಇತ್ತು, ಹುಲಿಯ ತಲೆ ಇತ್ತು, ಪುಸ್ತಕಗಳಿದ್ದವು. ನನ್ನ ಅಂಗಡಿಯ ಇಂಗ್ಲಿಷ್ ಕಪಾಟಿನ ಮೂಲ ಇದು.

ಕನ್ನಡ ಕಪಾಟಿನ ಮೂಲ ಬೇರೆ. ಅವು ಶಾಲೆಯ ಮೇಷ್ಟರುಗಳ, ಶಾನುಭೋಗರ ಮನೆತನಗಳ, ಅಂಚೆ ಕಚೇರಿಯ ಗುಮಾಸ್ತರ ಪುಸ್ತಕಗಳು. ಮನೆಯ ಯಜಮಾನ ತೀರಿಕೊಂಡಾಗ, ಮಕ್ಕಳು ಬೆಂಗಳೂರಿಗೆ ಹೋದಾಗ, ಹೆಂಚಿನ ಮನೆ ಇಳಿಸಿ ತಾರಸಿ ಹಾಕುವಾಗ ಅವು ಹೊರಬರುತ್ತವೆ. ಊರಿನ ದುಃಖವೇ ಅಂಗಡಿಯ ಸರಕು ಎಂದು ಒಮ್ಮೊಮ್ಮೆ ನನಗೆ ಅನ್ನಿಸುವುದುಂಟು. ಗೋಣಿಚೀಲ ತಂದವರೊಡನೆ ನಾನು ಮೊದಲು ಬೆಲೆಯ ಮಾತಾಡುವುದಿಲ್ಲ. ಯಾರ ಪುಸ್ತಕ ಎಂದು ಕೇಳುತ್ತೇನೆ. ಉತ್ತರ ಹೇಳುತ್ತಾ ಕೆಲವರು ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಹಿಂದಿರುಗಿದ್ದೂ ಇದೆ. ವ್ಯಾಪಾರಕ್ಕೆ ಅದು ನಷ್ಟ, ನನಗೆ ಸಂತೋಷ.

ಅಂಗಡಿಯ ದಿನಚರಿಯನ್ನು ಆಳುವವನು ನಾನಲ್ಲ, ಮಳೆರಾಯ. ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಈ ಊರಿನಲ್ಲಿ ಗೋಡೆಯೇ ಬೆವರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದೊಡನೆ ಮೊದಲ ಕೆಲಸ ಒಣಬಟ್ಟೆಯಿಂದ ಪುಸ್ತಕಗಳ ಬೆನ್ನೊರಸುವುದು. ಕಪಾಟನ್ನು ಗೋಡೆಯಿಂದ ಗೇಣುದ್ದ ದೂರ ಇಡಬೇಕು. ಕೆಳಗಿನ ಹಲಗೆಯನ್ನು ಖಾಲಿ ಬಿಡಬೇಕು. ಪುಸ್ತಕಗಳನ್ನು ಒತ್ತಾಗಿ ಜೋಡಿಸಬಾರದು, ನಡುವೆ ಗಾಳಿ ಆಡಬೇಕು. ಬೇವಿನ ಎಲೆಯನ್ನೂ ನುಸಿಗುಳಿಗೆಯನ್ನೂ ಇಟ್ಟರೂ ಬೆಳ್ಳಿಹುಳು ತನ್ನ ಪಾಲನ್ನು ತಿಂದೇ ತಿನ್ನುತ್ತದೆ. ರಟ್ಟಿನ ಗೋಂದು ಅದಕ್ಕೆ ಪಾಯಸವಿದ್ದಂತೆ. ಜನವರಿಯಲ್ಲಿ ತೋಟಗಳ ಕಣಗಳಲ್ಲಿ ಕಾಫಿ ಹರಡುವ ಹೊತ್ತಿಗೆ ನಾನು ಅಂಗಡಿಯ ಹಿಂದಿನ ಅಂಗಳದಲ್ಲಿ ನೆರಳಿಗೆ ಚಾಪೆ ಹಾಸಿ ಪುಸ್ತಕಗಳನ್ನು ಹರಡುತ್ತೇನೆ. ನೇರ ಬಿಸಿಲಿಗೆ ಹಾಳೆ ಮುರುಟುತ್ತದೆ, ಗಾಳಿ ಸಾಕು.

ಗಿರಾಕಿಗಳಿಗೂ ಋತುಮಾನವಿದೆ. ಜೂನ್ ಜುಲೈಯಲ್ಲಿ ಶಾಲಾ ಕಾಲೇಜಿನ ಮಕ್ಕಳು ಅರ್ಧ ಬೆಲೆಯ ಪಠ್ಯಪುಸ್ತಕಗಳಿಗಾಗಿ ಬರುತ್ತಾರೆ. ವರ್ಷದ ಬಾಡಿಗೆ ಹುಟ್ಟುವುದು ಅವರಿಂದಲೇ ಹೊರತು ಸಾಹಿತ್ಯದಿಂದಲ್ಲ. ಕೊಯ್ಲು ಮುಗಿದ ಮೇಲೆ ತೋಟದ ರೈಟರುಗಳು ಪತ್ತೇದಾರಿ ಕಾದಂಬರಿಗಳನ್ನು ಒಯ್ಯುತ್ತಾರೆ. ಓದಿ ತಂದುಕೊಟ್ಟರೆ ಅರ್ಧ ಹಣ ಹಿಂದಿರುಗಿಸುವ ಪದ್ಧತಿ ಇಟ್ಟಿದ್ದೇನೆ. ರಜೆಯಲ್ಲಿ ಬೆಂಗಳೂರಿನಿಂದ ಬರುವ ಸಂಗ್ರಹಕಾರರು ನೇರವಾಗಿ ಇಂಗ್ಲಿಷ್ ಕಪಾಟಿಗೆ ನಡೆಯುತ್ತಾರೆ. ಇಡೀ ಮಧ್ಯಾಹ್ನ ಯಾರೂ ಬಾರದ ದಿನಗಳೂ ಬೇಕಾದಷ್ಟು. ಸಂಜೆ ಐದಾಗುತ್ತಲೇ ಯಾವ ದಾರಿಯಲ್ಲಿ ಆನೆ ಇಳಿದಿದೆ ಎಂಬ ಸುದ್ದಿ ಬಂದರೆ ದೂರದ ಹಳ್ಳಿಯವರು ಬಸ್ಸಿಗೆ ಓಡುತ್ತಾರೆ. ನಾನೂ ಬಾಗಿಲು ಎಳೆಯುತ್ತೇನೆ.

ಬೆಂಗಳೂರಿನಂಥ ನಗರದಲ್ಲಿ ಈ ವೃತ್ತಿಗೆ ಘನತೆ ತಂದವರಿದ್ದಾರೆ. 1945ರಲ್ಲಿ ಕೆ. ಬಿ. ಕೆ. ರಾವ್ ಅವರು ಸೆಲೆಕ್ಟ್ ಬುಕ್ ಶಾಪನ್ನು ತೆರೆದರು. ಅವರ ಮಗ ಕೆ. ಕೆ. ಎಸ್. ಮೂರ್ತಿಯವರು ವಿಮಾನ ತಂತ್ರಜ್ಞಾನದ ಉದ್ಯೋಗವನ್ನು ಬಿಟ್ಟು ಬಂದು ತಂದೆಯ ಅಂಗಡಿಯಲ್ಲಿ ಕುಳಿತರು. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯ ಆ ಮನೆಯಲ್ಲಿ ಪುಸ್ತಕ ಕೊಳ್ಳುವುದಕ್ಕಿಂತ ಪುಸ್ತಕದ ಮಾತಾಡುವುದು ಹೆಚ್ಚೆಂದು ಹೋಗಿಬಂದವರು ಹೇಳುವುದುಂಟು. ಕಾಲುದಾರಿಯ ಮೇಲೆ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿಗೌಡರು ಈ ಶತಮಾನದ ಆರಂಭದಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಎಂಬ ಮಹಡಿ ಮಳಿಗೆಯನ್ನೇ ಕಟ್ಟಿ ನಿಲ್ಲಿಸಿದರು. ಆದರೆ ನಗರದಲ್ಲಿ ಪುಸ್ತಕ ಹೊಳೆಯಂತೆ ಹರಿಯುತ್ತದೆ. ಒಬ್ಬನ ಕೈಬಿಟ್ಟಿದ್ದು ನಾಳೆ ಇನ್ನೊಬ್ಬನ ಕೈ ಸೇರುತ್ತದೆ. ನಮ್ಮಲ್ಲಿ ಅದು ಕೆರೆಯ ನೀರು. ಒಮ್ಮೆ ಕೋಡಿ ಬಿದ್ದು ಹೋದದ್ದು ಮರಳಿ ಬರುವುದಿಲ್ಲ. ಆ ಕಾರಣದಿಂದ ಇಲ್ಲಿ ಕುಳಿತವನ ತಪ್ಪಿಗೆ ಬೆಲೆ ಹೆಚ್ಚು.

ಇನ್ನು ನನ್ನ ತಪ್ಪಿನ ಮಾತು. ಅಂಗಡಿ ತೆರೆದ ಎರಡನೆಯ ವರ್ಷ, ಒಂದು ಹಳೆಯ ಬಂಗಲೆಯನ್ನು ಕೆಡವುತ್ತಿದ್ದವರು ನಾಲ್ಕು ಗೋಣಿಚೀಲಗಳನ್ನು ತಂದು ಇಳಿಸಿದರು. ಮೊದಲ ಚೀಲದಲ್ಲಿಯೇ ಎಲಿಯಟ್ ಸಾಹೇಬನ 1894ರ ಪುಸ್ತಕ ಸಿಕ್ಕಿತು. ರಟ್ಟು ಸಡಿಲವಾಗಿತ್ತು, ಹಾಳೆಗಳು ಪೂರ್ತಿ ಇದ್ದವು. ನನ್ನ ಕೈ ನಡುಗಿತು. ಕೊನೆಯ ಚೀಲದಲ್ಲಿ ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ಹತ್ತಾರು ಲೆಕ್ಕದ ಪುಸ್ತಕಗಳಿದ್ದವು. ಅವು ತೋಟದ ಚೆಕ್‌ರೋಲುಗಳು. ಯಾವ ಆಳು ಯಾವ ದಿನ ಕೆಲಸಕ್ಕೆ ಬಂದ, ಯಾವ ಮೇಸ್ತ್ರಿಯ ಕಡೆಯವನು, ಎಷ್ಟು ಮುಂಗಡ ಪಡೆದಿದ್ದ, ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬ ಬರೆಹ. ನಾನು ಒಂದೆರಡು ಹಾಳೆ ಮಗುಚಿ, ‘ಇವು ಪುಸ್ತಕವಲ್ಲಪ್ಪ, ರದ್ದಿಗೆ ಹಾಕು’ ಎಂದೆ. ಅವರು ಹಾಗೆಯೇ ಮಾಡಿದರು. ಎಲಿಯಟ್‌ನನ್ನು ನಾನು ಬೆಂಗಳೂರಿನವರೊಬ್ಬರಿಗೆ ಮಾರಿದೆ. ಆರು ತಿಂಗಳ ಬಾಡಿಗೆ ಅದೊಂದರಿಂದಲೇ ಹುಟ್ಟಿತು.

ಎರಡು ತಿಂಗಳಾಗಿರಬಹುದು. ಪೇಟೆಯಲ್ಲಿ ಕಡಲೆಕಾಯಿ ಕೊಂಡು, ತಿಂದು ಮುಗಿಸಿ ಪೊಟ್ಟಣದ ಕಾಗದವನ್ನು ಬಿಡಿಸಿದೆ. ಅಭ್ಯಾಸ ಬಲ, ಬರೆದ ಕಾಗದವನ್ನು ಓದದೆ ಎಸೆಯುವವನಲ್ಲ ನಾನು. ಸಾಲಾಗಿ ಹದಿನೆಂಟು ಹೆಸರುಗಳು. ತುಳುನಾಡಿನ ಹೆಸರುಗಳೆಂದು ನೋಡಿದೊಡನೆ ತಿಳಿಯುವಂತಿದ್ದವು. ಹೆಸರಿನ ಮುಂದೆ ಊರು, ಊರಿನ ಮುಂದೆ ತಾರೀಖುಗಳ ಮನೆಗಳಲ್ಲಿ ಗೀಟುಗಳು, ಕೊನೆಯ ಮನೆಯಲ್ಲಿ ಹೆಬ್ಬೆಟ್ಟು. ಒಂದು ಹೆಂಗಸಿನ ಹೆಸರಿನ ಮುಂದೆ ಆರು ದಿನ ಖಾಲಿ. ಏಳನೆಯ ದಿನ ಮತ್ತೆ ಗೀಟು. ಆ ಆರು ದಿನಗಳಲ್ಲಿ ಅವಳಿಗೆ ಜ್ವರವಿತ್ತೋ, ಹೆರಿಗೆಯಾಗಿತ್ತೋ ಯಾರು ಬಲ್ಲರು? ನಾನು ಅಂಗಡಿಗೆ ಓಡಿದೆ. ಅವನಲ್ಲಿ ಹನ್ನೊಂದು ಹಾಳೆಗಳು ಉಳಿದಿದ್ದವು. ತೆಗೆದುಕೊಂಡು ಬಂದೆ.

ಆ ರಾತ್ರಿ ನನಗೆ ರೈಸ್ ಅವರ ಸಂಪುಟ ನೆನಪಾಯಿತು. ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಹಳ್ಳಿಗನ ಹೆಸರನ್ನು ವೀರಗಲ್ಲಿನ ಮೇಲೆ ಓದಿ ನಾವು ತಲೆದೂಗುತ್ತೇವೆ. ವಿದ್ಯಾರ್ಥಿಗಳಿಗೆ ಅದನ್ನು ಪಾಠ ಹೇಳುತ್ತೇವೆ. ರಾಜರ ಪ್ರಶಸ್ತಿಗಳಿಗಿಂತ ಅದು ಹೆಚ್ಚಿನ ಇತಿಹಾಸವೆಂದು ನಾನೇ ತರಗತಿಯಲ್ಲಿ ನೂರಾರು ಬಾರಿ ಹೇಳಿದ್ದೇನೆ. ಕಲ್ಲಿನ ಕಾಲ ಮುಗಿದು ಕಾಗದದ ಕಾಲ ಬಂದಾಗ, ಸಾಮಾನ್ಯನ ಹೆಸರು ಬರೆಯಲ್ಪಟ್ಟ ಜಾಗ ಯಾವುದು? ಘಟ್ಟ ಹತ್ತಿ ಬಂದು ಈ ತೋಟಗಳನ್ನು ಮಾಡಿದ ಅನೇಕರ ಹೆಸರು ಬೇರೆಲ್ಲೂ ಉಳಿದಿರಲಾರದು. ಚೆಕ್‌ರೋಲಿನಲ್ಲಿ ಮಾತ್ರ ಇತ್ತು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಶಿಕ್ಷೆಗೆ ಗುರಿಮಾಡುವ ಕಾಯಿದೆಯನ್ನು ಬ್ರಿಟಿಷ್ ಸರ್ಕಾರ 1859ರಲ್ಲಿ ಮಾಡಿತು. ಅದನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1925ರಲ್ಲಿ. ತೋಟದ ಕಾರ್ಮಿಕರಿಗೆ ವಸತಿ, ವೈದ್ಯ ಸಹಾಯಗಳನ್ನು ಕಡ್ಡಾಯ ಮಾಡಿದ ಪ್ಲಾಂಟೇಷನ್ ಲೇಬರ್ ಕಾಯಿದೆ ಬಂದದ್ದು 1951ರಲ್ಲಿ. ಕಾಯಿದೆಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ಆ ಕಾಯಿದೆಗಳ ಕೆಳಗೆ ಬದುಕಿದವರ ಹೆಸರುಗಳು ಸಿಗುವುದಿಲ್ಲ. ಎಲಿಯಟ್‌ನ ಪುಸ್ತಕದ ಪ್ರತಿಗಳು ಲಂಡನ್ನಿನಲ್ಲಿವೆ, ಬೆಂಗಳೂರಿನಲ್ಲಿವೆ; ನಾನು ಮಾರದಿದ್ದರೂ ಅದು ಉಳಿಯುತ್ತಿತ್ತು. ಒಂದೇ ಪ್ರತಿ ಇದ್ದುದನ್ನು ನಾನು ರದ್ದಿಗೆ ಕಳುಹಿಸಿದ್ದೆ. ಶಾಸನಶಾಸ್ತ್ರ ಓದಿದ ನನ್ನ ಕಣ್ಣಿಗೆ ಕಾಣದ್ದು ಕಡಲೆಕಾಯಿಯ ಪೊಟ್ಟಣದಿಂದ ಕಾಣಿಸಿತು.

ಸ್ವಲ್ಪ ಕಾಲದ ಮೇಲೆ ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಅಂಗಡಿಗೆ ಬಂದರು. ಅವರ ಅಜ್ಜ ಕೂಲಿಯಾಗಿ ಘಟ್ಟ ಹತ್ತಿ ಬಂದವರಂತೆ. ಯಾವ ಊರಿನಿಂದ ಬಂದರೆಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ತೋಟದ ಹೆಸರು ಹೇಳಿದರು. ಅದೇ ತೋಟ. ನಾನು ಹನ್ನೆರಡು ಹಾಳೆಗಳನ್ನೂ ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರಸಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದರು. ಅಜ್ಜನ ಹೆಸರು ಇರಲಿಲ್ಲ. ‘ಉಳಿದ ಹಾಳೆಗಳು ಎಲ್ಲಿವೆ ಸಾರ್?’ ಎಂದು ಕೇಳಿದರು. ನಡೆದುದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ಎಲ್ಲರೂ ಹಾಗೇ ಮಾಡ್ತಿದ್ರು ಬಿಡಿ’ ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಕೈಬರೆಹದ ಕಾಗದ ಯಾವುದೇ ಇರಲಿ, ಓದದೆ ಹಿಂದಿರುಗಿಸುವುದಿಲ್ಲ. ಲೆಕ್ಕದ ಪುಸ್ತಕ, ಮದುವೆಯ ಮುಯ್ಯಿಯ ಪಟ್ಟಿ, ಗದ್ದೆಯ ಗೇಣಿ ಚೀಟಿ, ಶಾಲೆಯ ಹಾಜರಿ, ಎಲ್ಲಕ್ಕೂ ಒಂದು ಹಲಗೆ ಮೀಸಲು. ಅವು ಮಾರಾಟಕ್ಕಿಲ್ಲ, ಯಾರು ಬೇಕಾದರೂ ಕುಳಿತು ಓದಬಹುದು. ಆ ಹಲಗೆಯಿಂದ ಒಂದು ಕಾಸೂ ಹುಟ್ಟುವುದಿಲ್ಲ. ಅದರ ಖರ್ಚನ್ನು ಪಠ್ಯಪುಸ್ತಕಗಳೂ ಪತ್ತೇದಾರಿ ಕಾದಂಬರಿಗಳೂ ಭರಿಸುತ್ತವೆ.

ಕೇಳುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನಿಮ್ಮ ಅಟ್ಟದ ಮೇಲೂ ಇಂಥ ಒಂದು ಗಂಟು ಇರಬಹುದು. ತಕ್ಕಡಿಗೆ ಹಾಕುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಬಿಚ್ಚಿ ನೋಡಿರಿ. ಅಚ್ಚಾದ ಪುಸ್ತಕವನ್ನು ಕಳೆದುಕೊಂಡರೆ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಕೈಬರೆಹದ ಹಾಳೆಗೆ ಎರಡನೆಯ ಪ್ರತಿ ಇಲ್ಲ. ಇಟ್ಟುಕೊಳ್ಳಲು ನಿಮ್ಮಲ್ಲಿ ಜಾಗವಿಲ್ಲದಿದ್ದರೆ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಊರಿನ ಗ್ರಂಥಾಲಯಕ್ಕೋ ತಲುಪಿಸಿರಿ.

ಆ ಉಪಾಧ್ಯಾಯರು ಈಗಲೂ ಆಗಾಗ ಬರುತ್ತಾರೆ. ಬಂದಾಗಲೆಲ್ಲ ಹೊಸದಾಗಿ ಏನಾದರೂ ಬಂದಿದೆಯೇ ಎಂದು ಆ ಹಲಗೆಯ ಕಡೆ ನೋಡುತ್ತಾರೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಇಬ್ಬರೂ ಕಾಫಿ ಕುಡಿಯುತ್ತೇವೆ.

(ಆಕಾಶವಾಣಿಯ ಕೃಪೆಯಿಂದ)