ಹಂದಿಗೋಡಿನ ಮೂಳೆಗಳು

ಕಳಸ, ಮೂಡಿಗೆರೆಯ ಕಡೆ ಎಳೆಗೂಸಿಗೆ ಎಣ್ಣೆ ಹಚ್ಚಿ, ಅಂಗಳದ ಎಳೆಬಿಸಿಲಿನಲ್ಲಿ ತುಸು ಹೊತ್ತು ಮಲಗಿಸಿ, ಆಮೇಲೆ ಮೀಯಿಸುತ್ತಾರೆ. ಆಷಾಢದಲ್ಲಿ ಆ ಬಿಸಿಲೂ ಇಲ್ಲ. ಬಚ್ಚಲೊಲೆಯ ಕಾವು ಕೂಸನ್ನು ಬೆಚ್ಚಗಿಡುತ್ತದೆ, ಅಷ್ಟೇ. ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಲು ಬಿಸಿಲೇ ಬೇಕು. ಅದು ಸಾಲದಾದರೆ ಉಂಡ ಅನ್ನದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಮೂಳೆ ಮೆದುವಾಗುತ್ತದೆ. ಮಕ್ಕಳಲ್ಲಾದರೆ ಅದು ರಿಕೆಟ್ಸ್, ದೊಡ್ಡವರಲ್ಲಾದರೆ ಆಸ್ಟಿಯೋಮಲೇಶಿಯಾ.

1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್ಸ್ಕಿ ರಿಕೆಟ್ಸ್ ಇದ್ದ ಮಕ್ಕಳನ್ನು ನೇರಳಾತೀತ ದೀಪದ ಬೆಳಕಿನಿಂದ ಗುಣಪಡಿಸಿದ. ಅದೇ ಹೊತ್ತಿಗೆ ಇಂಗ್ಲೆಂಡಿನ ಮೆಲನ್‌ಬಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ, ಕಾಡ್ ಮೀನಿನ ಎಣ್ಣೆ ಈ ರೋಗವನ್ನು ತಡೆಯುತ್ತದೆಂದು ತೋರಿಸಿದ. ಅಲ್ಲಿಂದಾಚೆಗೆ ಬಡವರ ಮೂಳೆ ಬಾಗಿತೆಂದರೆ ಅವರ ತಟ್ಟೆಯ ಕಡೆ ನೋಡುವುದು ರೂಢಿಯಾಯಿತು. ಬಹಳ ಸಲ ಅದು ಸರಿಯೂ ಹೌದು.

ಆದರೆ ನಮ್ಮ ಮಲೆನಾಡಿನಲ್ಲಿ ಅದು ಸಾಲದಾಯಿತು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲು ನೋವಿನಿಂದ ನಡೆಯಲಾಗದವರು ಹಲವರಿರುವುದು ಬೆಳಕಿಗೆ ಬಂತು. ಕೆಲವರು ಕುಳ್ಳಗೇ ಉಳಿದಿದ್ದರು. ಶಿವಮೊಗ್ಗದಲ್ಲಷ್ಟೇ ಅಲ್ಲ, ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಇಂಥವರು ಸಿಕ್ಕರು. ಹೆಚ್ಚಿನವರು ಚನ್ನಂಗಿ, ಛಲವಾದಿ ಸಮುದಾಯಗಳ ಕೂಲಿಕಾರರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಅಪೌಷ್ಟಿಕತೆಯೇ? ಗದ್ದೆಗೆ ಹೊಡೆದ ಎಂಡ್ರಿನ್, ಪ್ಯಾರಾಥಿಯಾನ್ ಅಲ್ಲಿನ ಏಡಿಗಳ ಮೂಲಕ ಇವರ ಹೊಟ್ಟೆ ಸೇರಿತೇ? ಕೂಲಿಯವರ ಸಾರಿಗೆ ಗದ್ದೆಯ ಏಡಿಯೇ ದಿಕ್ಕಾಗಿದ್ದುದರಿಂದ ಈ ಅನುಮಾನ ಹಬ್ಬಿತು.

ಮುಂದಿನ ಅಧ್ಯಯನಗಳು ಕುಟುಂಬಗಳ ತಲೆಮಾರುಗಳನ್ನು ಹಿಂಬಾಲಿಸಿ, ಕ್ಷಕಿರಣ ಚಿತ್ರಗಳನ್ನು ನೋಡಿ ಬೇರೆಯೇ ಮಾತು ಹೇಳಿದವು. ಇದು ಮೂಳೆ ಮೆದುವಾಗುವ ರೋಗವಲ್ಲ. ಬೆನ್ನುಮೂಳೆ ಮತ್ತು ಮೂಳೆಗಳ ತುದಿಗಳು ಬೆಳೆಯುವ ರೀತಿಯಲ್ಲೇ ಇರುವ ಆನುವಂಶಿಕ ದೋಷ. ತಂದೆ ಅಥವಾ ತಾಯಿಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ರಿಕೆಟ್ಸನ್ನು ಡಿ ಜೀವಸತ್ವದಿಂದ ವಾಸಿಮಾಡಬಹುದು, ಇದನ್ನಾಗದು.

ಈ ಚರಿತ್ರೆ ಓದುವಾಗ ನನ್ನನ್ನು ಕಾಡುವುದು ಕಾರಣ ಬದಲಾದದ್ದಲ್ಲ. ಏಡಿ ಎಂದಾಗ ಬಡವರು ತಿನ್ನುವುದರ ಮೇಲೆ ಬೆರಳು, ವಂಶ ಎಂದಾಗ ಅವರ ರಕ್ತದ ಮೇಲೆ. ಎರಡೂ ಸಲ ಗದ್ದೆಯ ಯಜಮಾನಿಕೆ, ಕೂಲಿಯ ದರ ಪ್ರಶ್ನೆಯ ಹೊರಗೇ ಉಳಿದವು. ರೋಗ ವಂಶದಿಂದ ಬಂದಿರಬಹುದು. ಆದರೆ ಸೊಂಟ ನೋಯುವವಳು ನಾಟಿಗೆ ಬಗ್ಗಲಾರಳು, ಬಗ್ಗದಿದ್ದರೆ ಅವತ್ತಿನ ಕೂಲಿ ಇಲ್ಲ, ಕೂಲಿ ಇಲ್ಲದ ಮನೆಯಲ್ಲಿ ಮಕ್ಕಳ ತಟ್ಟೆ ಬರಿದಾಗುತ್ತದೆ. ಅಪೌಷ್ಟಿಕತೆ ಹೀಗೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಹಂದಿಗೋಡು ಇಂದಿಗೂ ವೈದ್ಯಕೀಯ ಬರಹಗಳಲ್ಲಿ ಒಂದು ಕಾಯಿಲೆಯ ಹೆಸರು. ಅಲ್ಲಿನವರಿಗೆ ಅದು ತಮ್ಮ ಊರಿನ ಹೆಸರು.