ವಾಯುತೋಪಿನ ಕವಾಟ: ಒಂದು ಸಮೀಕ್ಷೆ

ಅದುಮಿಟ್ಟ ವಾಯುವಿನಿಂದ ವಸ್ತುವನ್ನೆಸೆಯುವ ವಿದ್ಯೆಯಲ್ಲಿ ಒತ್ತಡವನ್ನು ಸಂಗ್ರಹಿಸುವುದು ಅರ್ಧ ಕಾರ್ಯವೇ ಸರಿ; ಸಂಗ್ರಹಿಸಿದುದನ್ನು ಬೇಕಾದ ಕ್ಷಣದಲ್ಲಿ, ಬೇಕಾದ ಪ್ರಮಾಣದಲ್ಲಿ ಬಿಟ್ಟುಕೊಡುವ ದ್ವಾರವನ್ನು ರಚಿಸುವುದರಲ್ಲಿಯೇ ಆ ವಿದ್ಯೆಯ ನಿಜವಾದ ಬೆಳವಣಿಗೆ ಅಡಗಿದೆಯೆಂದು ನನ್ನ ನಂಬಿಕೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸನು ಕಂಚಿನ ಉರುಳೆಗಳಲ್ಲಿ ಪಿಸ್ಟನ್ನುಗಳನ್ನಿಟ್ಟು ಕವಣೆಯಂತ್ರವೊಂದನ್ನು ಕಲ್ಪಿಸಿದನಷ್ಟೆ. ಅಲ್ಲಿ ವಾಯು ಒಳಗೇ ಉಳಿದು ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದುದರಿಂದ ಕವಾಟದ ಪ್ರಶ್ನೆಯೇ ಏಳಲಿಲ್ಲ. ಕಾಯಿ ಹಾರಿಸುವ ಆಟಿಕೆಯಾದ, ನಮ್ಮ ಮಲೆನಾಡಿನ ಮಕ್ಕಳ ಬಿದಿರಿನ ಪೆಟ್ಲಿನಲ್ಲಿಯೂ ಮುಂದಿನ ಕಾಯಿಯೇ ಗುಂಡು, ಅದೇ ಕವಾಟ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೈನ್ಯ ಧರಿಸಿದ ಜಿರಾರ್ಡೋನಿಯ ಬಂದೂಕು ಇಪ್ಪತ್ತು ಗುಂಡುಗಳನ್ನು ಹಾರಿಸಬಲ್ಲುದಾಗಿದ್ದುದು, ಅದರ ಕವಾಟ ಪ್ರತಿ ಸಲವೂ ಎಣ್ಣೆಯಳೆಯುವ ಜಿಪುಣನಂತೆ ಅತ್ಯಲ್ಪವನ್ನೇ ಬಿಡುತ್ತಿದ್ದುದರಿಂದ. 1888ರಲ್ಲಿ ನೀರಿಗಿಳಿದ ಅಮೆರಿಕದ ‘ವೆಸೂವಿಯಸ್’ ನೌಕೆಯ 15 ಅಂಗುಲದ ಮೂರು ವಾಯುತೋಪುಗಳನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸುವಂತಿರಲಿಲ್ಲವಾಗಿ, ಗುರಿಯ ದೂರವನ್ನು ಬಿಡುವ ವಾಯುವಿನ ಪ್ರಮಾಣದಿಂದಲೇ ನಿಯಂತ್ರಿಸಬೇಕಾಗಿದ್ದಿತು.

ಆದರೆ ಇಂದಿನ ಕವಾಟದ ಮೂಲತತ್ತ್ವ ಈ ತೋಪುಗಳಲ್ಲಿಗಿಂತ ರೈಲುಗಾಡಿಯಲ್ಲಿಯೇ ಸ್ಪಷ್ಟವಾಗಿ ಕಾಣುವುದು. ವೆಸ್ಟಿಂಗ್‌ಹೌಸನು 1872ರಲ್ಲಿ ರೂಪಿಸಿದ ಬ್ರೇಕಿನಲ್ಲಿ, ಒಂದು ಕೊಳವೆಯ ಒತ್ತಡ ಇಳಿದೊಡನೆಯೇ ಪಿಸ್ಟನ್ ಸರಿದು ಬೇರೊಂದು ಭಂಡಾರದ ವಾಯುವಿಗೆ ದಾರಿ ತೆರೆಯುತ್ತಿದ್ದಿತು. ಇಲ್ಲಿ ಇಳಿತವೇ ಆಜ್ಞೆ. ಇನ್ನು ತೋಪಿನ ಕಡೆಗೆ ಮರಳಿದರೆ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳಿಗಾಗಿ ಕಾರ್ನ್‌ವಾಲಿನ ಹೋಲ್ಮನ್ ಸಂಸ್ಥೆ ತಯಾರಿಸಿದ ಗ್ರೆನೇಡ್ ಎಸೆಯುವ ಕೊಳವೆಯಲ್ಲಿ ನಾವಿಕರು ಆಲೂಗಡ್ಡೆಗಳನ್ನು ತುಂಬಿ ಹಾರಿಸಿದರೆಂಬುದು ಪ್ರಸಿದ್ಧ.

ಮನೆಯಲ್ಲಿ ಮಾಡುವ ಆಲೂಗಡ್ಡೆ ತೋಪಿಗೆ ಕೈಯಿಂದ ತಿರುಗಿಸುವ ಬಾಲ್ ವಾಲ್ವನ್ನು ಇಟ್ಟರೆ, ದ್ವಾರ ಪೂರ್ತಿ ತೆರೆಯುವುದರೊಳಗಾಗಿ ಗಡ್ಡೆ ಮುಂದಕ್ಕೆ ಹೋಗಿಬಿಟ್ಟಿರುವುದು. ಈ ಕೊರತೆಯನ್ನು ನೀಗಿಸುವುದು, ಆ ಬ್ರೇಕಿನಂತೆಯೇ ಇಳಿತವನ್ನೇ ಆಜ್ಞೆಯಾಗಿ ಕೊಳ್ಳುವ ಪಿಸ್ಟನ್ ಕವಾಟ: ನಳಿಗೆಯ ಬಾಯಿಯೆಂಬ ಪೀಠಕ್ಕೆ ಒತ್ತಿ ಕುಳಿತ ಪಿಸ್ಟನ್ನಿನ ಬೆನ್ನಹಿಂದಿನ ಸಣ್ಣ ಕೋಣೆಯ ವಾಯುವನ್ನು ಹೊರಬಿಟ್ಟೊಡನೆ, ಭಂಡಾರದ ಒತ್ತಡವು ಪೀಠದ ಸುತ್ತಣ ಬಳೆಯಾಕಾರದ ಅಂಚನ್ನು ತಳ್ಳಿ ಪಿಸ್ಟನ್ನನ್ನು ಹಿಂದಕ್ಕೆಸೆಯುವುದು.

ಪಿಸ್ಟನ್ನಿನ ವ್ಯಾಸ 60 ಮಿಲಿಮೀಟರು, ಪೀಠದ ವ್ಯಾಸ 50 ಆಗಿದ್ದರೆ, ಘರ್ಷಣೆಯನ್ನು ಗಣಿಸದೆ, ಬೆನ್ನಹಿಂದಿನ ಒತ್ತಡ ಭಂಡಾರದ ಒತ್ತಡದ ಶೇಕಡ 31ಕ್ಕೆ ಇಳಿದಾಗ ಕವಾಟ ಏಳುವುದು. ಪೀಠವನ್ನು 42ಕ್ಕೆ ಇಳಿಸಿದರೆ ಶೇಕಡ 51ರಲ್ಲಿಯೇ ಏಳುವುದು, ಆದರೆ ದಾರಿ ಕಿರಿದಾಗುವುದು. ಸಣ್ಣ ಪೀಠ ಬೇಗನೆ ತೆರೆಯುವುದೆಂದು ಅದನ್ನೇ ಆರಿಸುವುದು ನನಗೆ ಸರಿತೋರದು. 1839ರಲ್ಲಿ ಫ್ರಾನ್ಸಿನ ಸೇಂಟ್-ವೆನಾಂಟ್ ಮತ್ತು ವಾಂಟ್ಸೆಲ್ ಕಂಡುಕೊಂಡಂತೆ, ರಂಧ್ರದ ಮುಂದಣ ಒತ್ತಡ ಹಿಂದಣ ಒತ್ತಡದ ಸುಮಾರು 0.53ಕ್ಕಿಂತ ಕಡಮೆಯಾದ ಮೇಲೆ ಪ್ರವಾಹ ಹೆಚ್ಚುವುದಿಲ್ಲವಾದುದರಿಂದ, ಆಗ ದಾರಿಯ ವಿಸ್ತಾರವೊಂದೇ ಗತಿ. ಪೀಠವನ್ನು ದೊಡ್ಡದಾಗಿಯೇ ಇಟ್ಟು, ಬೆನ್ನಹಿಂದಿನ ಕೋಣೆಯನ್ನು ಆದಷ್ಟು ಕಿರಿದುಗೊಳಿಸಿ, ಅದರ ನಿರ್ಗಮದ್ವಾರವನ್ನು ಹಿರಿದಾಗಿಸುವುದೇ ಉತ್ತಮ ಮಾರ್ಗ. ಪಿಸ್ಟನ್ ಪೀಠದ ವ್ಯಾಸದ ಕಾಲುಭಾಗ, ಅಂದರೆ 12.5 ಮಿಲಿಮೀಟರು ಎದ್ದರೆ ಸುತ್ತಣ ದಾರಿ ನಳಿಗೆಯ ಬಾಯಿಗೆ ಸಮವಾಗುವುದು. ಅದಕ್ಕೂ ಮೀರಿದ ಏರಿಕೆಯಿಂದ ಬರುವ ಲಾಭ ಅತ್ಯಲ್ಪ.

ಪಿಸ್ಟನ್ ಎದ್ದ ಕ್ಷಣದಲ್ಲಿಯೇ ಒತ್ತಡ ಅದರ ಇಡೀ ಮುಖವನ್ನು ಆಕ್ರಮಿಸುವುದಾದುದರಿಂದ ಅದು ಹಿಂಬದಿಗೆ ಬಡಿಯುವ ರಭಸ ಅಪಾರ. ರಬ್ಬರಿನ ಮೆತ್ತೆ ಅಲ್ಲಿ ಅನಿವಾರ್ಯ. ನೀರಿಗಾಗಿ ಮಾಡಿದ ಪಿವಿಸಿ ಕೊಳವೆಯಲ್ಲಿ ಅದುಮಿದ ವಾಯುವನ್ನು ತುಂಬಲೇಬಾರದು: ನೀರು ತುಂಬಿದ ಕೊಳವೆ ಬಿರಿದರೆ ಸೋರುವುದು, ವಾಯು ತುಂಬಿದುದು ಬಿರಿದರೆ ಚೂಪಾದ ಚೂರುಗಳಾಗಿ ಸಿಡಿಯುವುದು.